ತೊಟ್ಟಿಲ ಕೂಸಿಗೆ ಕೇಳಿಸುತ್ತಿದೆಯೇ?

ಹುಟ್ಟಿನಿಂದಲೇ ಕಿವಿ ಕೇಳದ ಕೂಸು ಕೂಡ ಮೂರನೇ ತಿಂಗಳಿಗೆ ‘ಅಂಗೂ’ ಅನ್ನುತ್ತದೆ. ಮುಖ ನೋಡಿ ನಗುತ್ತದೆ, ಕೈಕಾಲು ಬಡಿಯುತ್ತದೆ, ಹಸಿವಾದರೆ ಮನೆಯೆಲ್ಲ ಕೇಳುವಂತೆ ಅಳುತ್ತದೆ. ಅಜ್ಜಿ ಮಾತಾಡಿಸುತ್ತ ತೊಟ್ಟಿಲ ಬಳಿ ಬಂದರೆ ತಿರುಗಿ ನೋಡುತ್ತದೆ. ಅದು ತಿರುಗಿದ್ದು ಅಜ್ಜಿಯ ದನಿಗಲ್ಲ, ಬೆಳಕಿಗೆ ಅಡ್ಡ ಬಂದ ನೆರಳಿಗೆ ಎಂದು ಯಾರಿಗೂ ಹೊಳೆಯುವುದಿಲ್ಲ. ಮೊದಲ ಆರು ತಿಂಗಳು ಕಿವುಡು ಹೀಗೆ ಎಲ್ಲರ ಕಣ್ಣೆದುರೇ ಇದ್ದೂ ಕಾಣದೆ ಉಳಿದುಬಿಡುತ್ತದೆ. ಮನೆಯವರ ಪ್ರೀತಿ ಎಷ್ಟೇ ಇರಲಿ, ಕಣ್ಣು ಎಷ್ಟೇ ಚುರುಕಾಗಿರಲಿ, ಪರೀಕ್ಷೆ ಮಾಡಿಸದೆ ಇದು ಗೊತ್ತಾಗುವಂಥದ್ದಲ್ಲ. ಎಳೆಮಕ್ಕಳ ಕಿವಿಯ ವಿಚಾರದಲ್ಲಿ ಮೊಟ್ಟಮೊದಲು ಹೇಳಬೇಕಾದ್ದು ಇದೇ.

ಹಾಗಾದರೆ ಗೊತ್ತಾಗುವುದು ಯಾವಾಗ? ಎಷ್ಟೋ ಮನೆಗಳಲ್ಲಿ ಒಂದೂವರೆ, ಎರಡು ವರ್ಷಕ್ಕೆ. ಪಕ್ಕದ ಮನೆಯ ಅದೇ ವಯಸ್ಸಿನ ಮಗು ‘ಅಮ್ಮ ಬಾ’ ಎಂದು ಕರೆಯತೊಡಗಿದಾಗ. ಆಗಲೂ ಸಮಾಧಾನದ ಮಾತುಗಳಿಗೆ ಕೊರತೆಯಿಲ್ಲ. ‘ಇವರಪ್ಪನೂ ಮೂರು ವರ್ಷಕ್ಕೇ ಮಾತಾಡಿದ್ದು’, ‘ಗಂಡುಮಕ್ಕಳಿಗೆ ಮಾತು ತಡ’, ‘ಬಜೆ ತೇಯ್ದು ನೆಕ್ಕಿಸಿ, ನಾಲಿಗೆ ಹೊರಳುತ್ತದೆ’. ನಾಲಿಗೆಯ ಅಡಿಯ ದಾರ ಕತ್ತರಿಸಿದರೆ ಮಾತು ಬರುತ್ತದೆ ಎಂದು ಡಾಕ್ಟರ ಹತ್ತಿರ ಓಡುವವರಿದ್ದಾರೆ. ದೇವರಿಗೆ ಹರಕೆ ಹೊತ್ತು ಕಾಯುವವರಿದ್ದಾರೆ. ಇವರೆಲ್ಲ ಮಗುವಿನ ಒಳಿತನ್ನೇ ಬಯಸುವವರು, ಅದರಲ್ಲಿ ಅನುಮಾನವಿಲ್ಲ. ಆದರೆ ಎಲ್ಲರ ಗಮನವೂ ಬಾಯಿಯ ಮೇಲಿದೆ. ಕಿವಿಯನ್ನು ಯಾರೂ ನೋಡುತ್ತಿಲ್ಲ. ‘ಮೂಗ’ ಎಂದು ಊರು ಕರೆಯುವ ಬಹುಪಾಲು ಮಕ್ಕಳ ಗಂಟಲು, ನಾಲಿಗೆ, ತುಟಿ ಎಲ್ಲವೂ ಸರಿಯಾಗಿಯೇ ಇರುತ್ತವೆ. ಅವರಿಗೆ ಮಾತು ಬಾರದಿರುವುದು ಅವರು ಮಾತನ್ನು ಕೇಳಿಯೇ ಇಲ್ಲದಿರುವುದರಿಂದ.

ಕೇಳುವ ಕೆಲಸ ಹುಟ್ಟುವುದಕ್ಕೆ ಎಷ್ಟೋ ಮುಂಚೆ ಶುರುವಾಗಿರುತ್ತದೆ. ಒಳಕಿವಿಯಲ್ಲಿ ಶಂಖದಂತೆ ಎರಡೂವರೆ ಸುತ್ತು ಸುತ್ತಿಕೊಂಡ ಕಾಕ್ಲಿಯಾ ಎಂಬ ಅಂಗವಿದೆ. ಗರ್ಭ ಆರನೇ ತಿಂಗಳು ದಾಟುವ ಹೊತ್ತಿಗೆ ಅದು ಕೆಲಸ ಆರಂಭಿಸುತ್ತದೆ, ಏಳನೇ ತಿಂಗಳ ಹೊತ್ತಿಗೆ ಹೊರಗಿನ ಸದ್ದಿಗೆ ಕೂಸು ಹೊಟ್ಟೆಯೊಳಗೇ ಬೆಚ್ಚುತ್ತದೆ. ಅಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಕೇಳುವುದು ತಾಯಿಯ ದನಿ. ಮಾತಿನ ಸ್ಪಷ್ಟ ಅಕ್ಷರಗಳು ಒಳಗೆ ಮುಟ್ಟುವುದು ಕಷ್ಟ, ಅದರ ಏರಿಳಿತ, ಲಯ, ಎಳೆತ ಮುಟ್ಟುತ್ತವೆ. 1980ರಲ್ಲಿ ಅಮೆರಿಕದ ಆಂಟನಿ ಡಿಕ್ಯಾಸ್ಪರ್ ಮತ್ತು ವಿಲಿಯಂ ಫೈಫರ್ ಹುಟ್ಟಿ ಮೂರು ದಿನವೂ ತುಂಬದ ಶಿಶುಗಳ ಬಾಯಿಗೆ ರಬ್ಬರಿನ ನಿಪ್ಪಲ್ ಕೊಟ್ಟು ಒಂದು ಪ್ರಯೋಗ ಮಾಡಿದರು. ಶಿಶು ಚೀಪುವ ರೀತಿಯನ್ನು ಬದಲಿಸಿದರೆ ಕೇಳುವ ದನಿಯೂ ಬದಲಾಗುವಂತೆ ಏರ್ಪಾಡು ಮಾಡಿದ್ದರು. ಒಂದು ರೀತಿಗೆ ತನ್ನ ತಾಯಿಯ ದನಿ, ಇನ್ನೊಂದು ರೀತಿಗೆ ಬೇರೆ ಹೆಂಗಸಿನ ದನಿ. ಶಿಶುಗಳು ತಾಯಿಯ ದನಿ ಬರುವಂತೆಯೇ ಚೀಪಿದವು. 2009ರಲ್ಲಿ ಜರ್ಮನಿಯ ಕ್ಯಾಥಲೀನ್ ವರ್ಮ್ಕೆ ಅವರ ತಂಡ ಇನ್ನೂ ಬೆರಗಿನ ಸಂಗತಿಯನ್ನು ಹೊರಗಿಟ್ಟಿತು: ಫ್ರೆಂಚ್ ತಾಯಂದಿರ ನವಜಾತ ಶಿಶುಗಳ ಅಳು ಕೆಳಗಿನಿಂದ ಮೇಲಕ್ಕೆ ಏರುತ್ತಿತ್ತು, ಜರ್ಮನ್ ಶಿಶುಗಳ ಅಳು ಮೇಲಿನಿಂದ ಕೆಳಕ್ಕೆ ಇಳಿಯುತ್ತಿತ್ತು. ಆಯಾ ಭಾಷೆಯ ರಾಗ ಅಳುವಿನಲ್ಲೇ ಇಳಿದಿತ್ತು.

ನಮ್ಮ ವರ್ಣಮಾಲೆಗೆ ತೀರ ಹತ್ತಿರದ ಒಂದು ಪ್ರಯೋಗವೂ ಇದೆ. ಕೆನಡಾದ ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ 1984ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬಳಸಿದ ಧ್ವನಿಗಳಲ್ಲಿ ಹಿಂದಿಯ ‘ತ’ ಮತ್ತು ‘ಟ’ ಇದ್ದವು. ಇಂಗ್ಲಿಷ್ ಮನೆಮಾತಿನ ದೊಡ್ಡವರಿಗೆ ಇವೆರಡರ ವ್ಯತ್ಯಾಸ ತಿಳಿಯುವುದು ಬಹಳ ಕಷ್ಟ. ಆದರೆ ಅದೇ ಇಂಗ್ಲಿಷ್ ಮನೆಗಳ ಆರರಿಂದ ಎಂಟು ತಿಂಗಳ ಶಿಶುಗಳು ‘ತ’ ಬದಲಾಗಿ ‘ಟ’ ಬಂದೊಡನೆ ಗುರುತಿಸಿ ತಲೆ ತಿರುಗಿಸುತ್ತಿದ್ದವು. ಹತ್ತು–ಹನ್ನೆರಡು ತಿಂಗಳಿಗೆ ಆ ಸಾಮರ್ಥ್ಯ ಬಹುಮಟ್ಟಿಗೆ ಹೊರಟುಹೋಗಿತ್ತು. ಹಿಂದಿ ಮನೆಯ ಶಿಶುಗಳಲ್ಲಿ ಉಳಿದಿತ್ತು. ಅಂದರೆ ಮಗು ಎಲ್ಲ ಭಾಷೆಗಳಿಗೂ ತೆರೆದ ಕಿವಿಯೊಂದಿಗೆ ಹುಟ್ಟುತ್ತದೆ, ಮೊದಲ ವರ್ಷ ಮುಗಿಯುವಷ್ಟರಲ್ಲಿ ತನ್ನ ಮನೆಯ ಭಾಷೆಗೆ ಯಾವ ಭೇದಗಳು ಬೇಕೋ ಅವನ್ನು ಗಟ್ಟಿ ಮಾಡಿಕೊಂಡು ಉಳಿದವನ್ನು ಬಿಡುತ್ತದೆ. ‘ಬಲೆ’ ಬೇರೆ ‘ಬಳೆ’ ಬೇರೆ, ‘ಕತ್ತು’ ಬೇರೆ ‘ಕಟ್ಟು’ ಬೇರೆ ಎಂಬುದಕ್ಕೆ ಕನ್ನಡದ ಕೂಸು ಬಾಯಿ ತೆರೆಯುವ ಮುನ್ನವೇ ಕಿವಿಯಲ್ಲಿ ಜಾಗ ಮಾಡಿಕೊಳ್ಳಬೇಕು. ಮೊದಲ ಮಾತು ಬರುವುದು ಒಂದು ವರ್ಷಕ್ಕೆ, ನಿಜ. ಆ ಮಾತಿಗೆ ಬೇಕಾದ ಕಲಿಕೆಯ ದೊಡ್ಡ ಪಾಲು ಅಷ್ಟರಲ್ಲಿ ಮುಗಿದಿರುತ್ತದೆ. ಎರಡನೇ ವರ್ಷಕ್ಕೆ ಕಿವುಡು ಗೊತ್ತಾದ ಮಗು ಕಳೆದುಕೊಂಡಿರುವುದು ಇಂಥ ದಿನಗಳನ್ನು.

ಈ ಕಲಿಕೆಗೆ ನಮ್ಮ ಮನೆಗಳಲ್ಲಿ ಹಿಂದಿನಿಂದಲೂ ಬಂದ ರೂಢಿಗಳು ಎಷ್ಟು ಒಳ್ಳೆಯವು! ಎಣ್ಣೆನೀರು ಎರೆಯುವಾಗ ಕಾಲ ಮೇಲೆ ಮಲಗಿಸಿಕೊಂಡ ಅಜ್ಜಿ ಕೂಸಿನ ಜೊತೆ ಮಾತಾಡುತ್ತಲೇ ಇರುತ್ತಾಳೆ. ದನಿಯನ್ನು ತೆಳ್ಳಗೆ ಮಾಡಿ, ಎಳೆದು, ಒಂದೇ ಮಾತನ್ನು ಹತ್ತು ಸಲ ಹೇಳುತ್ತಾಳೆ. ಕೂಸು ‘ಊಂ’ ಅಂದರೆ ನಿಲ್ಲಿಸಿ, ‘ಹೌದಾ ಕಂದಾ, ಆಮೇಲೆ?’ ಎಂದು ಅದರ ಸರದಿಯನ್ನು ಅದಕ್ಕೆ ಬಿಟ್ಟುಕೊಡುತ್ತಾಳೆ. ಹೀಗೆ ಎಳೆದು ಆಡುವ ಮಾತನ್ನೇ ನಾಲ್ಕು ತಿಂಗಳ ಶಿಶುಗಳು ಹೆಚ್ಚು ಇಷ್ಟಪಡುತ್ತವೆ ಎಂದು ಆನ್ ಫರ್ನಾಲ್ಡ್ 1985ರಲ್ಲಿ ತೋರಿಸಿದರು. ಬುವ್ವ, ಅಂಬಾ, ತಾಚಿ, ಉಪ್ಪಾ ಎಂಬ ನಮ್ಮ ಕೂಸುಮಾತುಗಳು ಎಳೆಯ ತುಟಿ, ನಾಲಿಗೆಗೆ ಎಟುಕುವ ಶಬ್ದಗಳಿಂದಲೇ ಆದವು. ಮಗುವಿನ ಜೊತೆ ಹೀಗೆ ಮಾತಾಡಿದರೆ ಅದರ ಭಾಷೆ ಕೆಡುತ್ತದೆ ಎಂದು ಹೆದರುವ ಓದಿದ ತಂದೆತಾಯಂದಿರಿಗೆ ಧೈರ್ಯವಾಗಿ ಹೇಳಬಹುದು: ಕೆಡುವುದಿಲ್ಲ. ನಾಮಕರಣದ ದಿನ ಕಿವಿಯಲ್ಲಿ ಹೇಳಿದ ಹೆಸರು ತನ್ನದೇ ಎಂಬ ಗುರುತು ನಾಲ್ಕೂವರೆ ತಿಂಗಳ ಹೊತ್ತಿಗೆ ಮೂಡಿರುತ್ತದೆ. ಚಂದಮಾಮನ ಕಡೆ ಬೆರಳು ಮಾಡಿ ತುತ್ತು ಉಣಿಸುವಾಗ ತಾಯಿಯೂ ಮಗುವೂ ಒಂದೇ ವಸ್ತುವನ್ನು ಒಟ್ಟಿಗೆ ನೋಡುತ್ತಾರೆ. ಹೆಸರು ಯಾವುದಕ್ಕೆ ಸೇರಿದ್ದು ಎಂಬುದನ್ನು ಮಗು ಕಲಿಯುವುದು ಆ ನೋಟದಲ್ಲೇ. ವರ್ಷ ತುಂಬುವ ಹೊತ್ತಿಗೆ ಅದು ತಾನೇ ಬೆರಳು ಮಾಡಿ ತೋರಿಸಬೇಕು.

ಮೊಬೈಲು ಈ ಕೆಲಸ ಮಾಡಲಾರದು. ಪೆಟ್ರೀಷಿಯಾ ಕೂಲ್ ಅವರ ತಂಡ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂಬತ್ತು ತಿಂಗಳ ಅಮೆರಿಕನ್ ಶಿಶುಗಳಿಗೆ ಕೆಲವು ದಿನ ಚೀನೀ ಭಾಷೆ ಕೇಳಿಸಲಾಯಿತು. ಎದುರಿಗೆ ಕೂತು ಆಟವಾಡಿಸಿದವರಿಂದ ಶಿಶುಗಳು ಆ ಭಾಷೆಯ ಧ್ವನಿಭೇದ ಕಲಿತವು. ಅದೇ ಮಾತನ್ನು ವಿಡಿಯೊದಲ್ಲಿ ನೋಡಿದವು ಏನನ್ನೂ ಕಲಿಯಲಿಲ್ಲ. ಊಟ ಮಾಡಿಸಲು ಮೊಬೈಲು ಹಿಡಿಸುವ ಮನೆಗಳು ಇದನ್ನು ನೆನಪಿಡಬೇಕು.

ಆರು ತಿಂಗಳ ಆಸುಪಾಸಿಗೆ ಕೇಳುವ ಮಗುವಿನ ಬಾಯಲ್ಲಿ ‘ಬಬಬ’, ‘ಮಮಮ’, ‘ದದದ’ ಶುರುವಾಗುತ್ತದೆ. ತನ್ನ ದನಿಯನ್ನು ತಾನೇ ಕೇಳಿ ಖುಷಿಪಟ್ಟು ಮತ್ತೆ ಮತ್ತೆ ಹೇಳುತ್ತದೆ. ಕೇಳದ ಮಗುವಿನ ದಾರಿ ಬೇರೆಯಾಗುವುದು ಇಲ್ಲಿ. 1988ರಲ್ಲಿ ಕಿಂಬ್ರೋ ಆಲರ್ ಮತ್ತು ರೆಬೆಕಾ ಐಲರ್ಸ್ ತೋರಿಸಿದಂತೆ, ಕೇಳುವ ಮಕ್ಕಳೆಲ್ಲ ಹತ್ತು ತಿಂಗಳೊಳಗೆ ಇಂಥ ಅಕ್ಷರಮಾಲೆಗೆ ಬರುತ್ತಾರೆ. ಕಿವುಡು ಮಕ್ಕಳು ಹನ್ನೊಂದು ತಿಂಗಳಿಗೆ ಮೊದಲು ಬರುವುದಿಲ್ಲ, ಕೆಲವರಿಗೆ ಎರಡು ವರ್ಷವೂ ದಾಟುತ್ತದೆ. ಹತ್ತು ತಿಂಗಳಾದರೂ ‘ಬಬಬ’ ಬಾರದ ಮಗುವನ್ನು ಕಾಯುತ್ತ ಕೂರಬಾರದು. ವರ್ಷಕ್ಕೆ ಒಂದು ಮಾತೂ ಇಲ್ಲ, ಹೆಸರು ಕರೆದರೆ ತಿರುಗುವುದಿಲ್ಲ, ಎರಡು ವರ್ಷಕ್ಕೆ ‘ಅಮ್ಮ ಬಾ’, ‘ಹಾಲು ಬೇಕು’ ಎಂದು ಎರಡು ಮಾತು ಜೋಡಿಸುವುದಿಲ್ಲ ಎಂದರೂ ಹಾಗೆಯೇ.

ಮನೆಯಲ್ಲಿ ತಟ್ಟೆ ಬಡಿದು, ಚಪ್ಪಾಳೆ ತಟ್ಟಿ ನೋಡುವುದು ಪರೀಕ್ಷೆಯಲ್ಲ. ತಟ್ಟೆ ಬಡಿದರೆ ನೆಲ ಅದುರುತ್ತದೆ, ಗಾಳಿ ಅಲುಗುತ್ತದೆ, ಕಣ್ಣಂಚಿಗೆ ಕೈ ಕಾಣುತ್ತದೆ. ಇನ್ನೊಂದು ತೊಡಕು ದೊಡ್ಡದು. ಕಿವಿ ಅರ್ಧಂಬರ್ಧ ಕೇಳುವ ಮಕ್ಕಳು ಬಹಳ. ಪಟಾಕಿಗೆ, ನಾಯಿ ಬೊಗಳಿದ್ದಕ್ಕೆ ಬೆಚ್ಚುವ ಮಗುವಿಗೆ ಮಾತಿನೊಳಗಿನ ‘ಸ’, ‘ಶ’, ‘ತ’, ‘ಕ’ಗಳು ಕೇಳದಿರಬಹುದು. ‘ಸದ್ದಿಗೆ ತಿರುಗುತ್ತಾನಲ್ಲ’ ಎಂಬ ನೆಮ್ಮದಿಯಲ್ಲಿ ಆ ಮಗುವಿನ ವರ್ಷಗಳು ಜಾರಿಹೋಗುತ್ತವೆ.

ಹುಟ್ಟಿದ ಶಿಶುಗಳನ್ನೆಲ್ಲ ಪರೀಕ್ಷಿಸಬೇಕು ಎಂಬ ವಿಚಾರಕ್ಕೆ ಹಟ ಹಿಡಿದು ಹೋರಾಡಿದವರು ಅಮೆರಿಕದ ಡೆನ್ವರಿನ ಮೇರಿಯನ್ ಡೌನ್ಸ್. 1960ರ ದಶಕದಲ್ಲಿ ಅವರು ಹೆರಿಗೆ ವಾರ್ಡುಗಳಲ್ಲಿ ಶಿಶುಗಳಿಗೆ ಸದ್ದು ಕೇಳಿಸಿ, ಅವು ಹೇಗೆ ಪ್ರತಿಕ್ರಿಯಿಸುತ್ತವೆ ಎಂದು ನೋಡುವ ಕ್ರಮ ಆರಂಭಿಸಿದರು. ಕಣ್ಣಿನಿಂದ ನೋಡಿ ನಿರ್ಧರಿಸುವ ಆ ಕ್ರಮ ನಂಬಿಕೆಗೆ ಸಾಲುವಷ್ಟಿರಲಿಲ್ಲ. ದಾರಿ ತೆರೆದದ್ದು 1978ರಲ್ಲಿ, ಲಂಡನ್ನಿನ ಡೇವಿಡ್ ಕೆಂಪ್ ಮಾಡಿದ ಒಂದು ಆವಿಷ್ಕಾರ. ಆರೋಗ್ಯವಂತ ಕಾಕ್ಲಿಯಾ ಸದ್ದನ್ನು ಒಳಗೆಳೆದುಕೊಳ್ಳುವುದಷ್ಟೇ ಅಲ್ಲ, ತಾನೂ ಅತಿ ಸಣ್ಣ ಸದ್ದೊಂದನ್ನು ಹೊರಕ್ಕೆ ಬಿಡುತ್ತದೆ! ಅಲ್ಲಿನ ಸಾವಿರಾರು ಕೂದಲುಕೋಶಗಳು ಸದ್ದಿಗೆ ಕುಣಿದಾಗ ಹುಟ್ಟುವ ಮರುದನಿ ಅದು. ಹೀಗಾಗಬಹುದೆಂದು ಥಾಮಸ್ ಗೋಲ್ಡ್ 1948ರಲ್ಲೇ ಊಹಿಸಿದ್ದರು. ಮೂವತ್ತು ವರ್ಷ ಅದನ್ನು ಹಿಡಿಯಲಾಗಿರಲಿಲ್ಲ.

ಇಂದು ಆಸ್ಪತ್ರೆಗಳಲ್ಲಿ ಓಎಇ ಎಂದು ಕರೆಯುವ ಪರೀಕ್ಷೆ ಇದೇ ಮರುದನಿಯನ್ನು ಹುಡುಕುತ್ತದೆ. ಮಲಗಿದ ಕೂಸಿನ ಕಿವಿಗೆ ಮೆತ್ತನೆಯ ತುದಿಯೊಂದನ್ನು ಇಡುತ್ತಾರೆ, ಅದು ಸದ್ದು ಬಿಟ್ಟು ಮರುದನಿ ಬಂತೇ ಎಂದು ಕೇಳುತ್ತದೆ. ಚುಚ್ಚುವುದಿಲ್ಲ, ನೋಯುವುದಿಲ್ಲ, ಕೆಲವೇ ನಿಮಿಷದಲ್ಲಿ ಮುಗಿಯುತ್ತದೆ. ಮೊದಲ ಒಂದೆರಡು ದಿನ ಕಿವಿಯಲ್ಲಿ ಹೆರಿಗೆಯ ದ್ರವ ಉಳಿದಿದ್ದರೆ ಯಂತ್ರ ‘ರೆಫರ್’ ಎಂದು ತೋರಿಸಬಹುದು. ಅದನ್ನು ಕಂಡು ಬಾಣಂತಿ ಅಳಬೇಕಾಗಿಲ್ಲ, ಅದರ ಅರ್ಥ ಮತ್ತೊಮ್ಮೆ ಪರೀಕ್ಷಿಸಿ ಎಂದಷ್ಟೇ. ಆದರೆ ಆ ಮತ್ತೊಮ್ಮೆಯನ್ನು ತಪ್ಪಿಸಿಕೊಳ್ಳಲೇಬಾರದು. ಎರಡನೇ ಸಲವೂ ಹಾಗೇ ಬಂದರೆ ಬೇರಾ ಪರೀಕ್ಷೆ ಮಾಡುತ್ತಾರೆ. ಹಣೆಗೆ, ಕಿವಿಯ ಹಿಂದಕ್ಕೆ ತಂತಿ ಅಂಟಿಸಿ, ಸದ್ದು ನರದ ಮೂಲಕ ಮಿದುಳಿನ ಬುಡದವರೆಗೆ ತಲುಪುತ್ತಿದೆಯೇ ಎಂದು ಅಳೆಯುವ ಪರೀಕ್ಷೆ. ಐಸಿಯುನಲ್ಲಿದ್ದ ಕೂಸುಗಳಿಗೆ, ಕಾಮಾಲೆ ಮಿತಿಮೀರಿದ ಕೂಸುಗಳಿಗೆ ಮೊದಲ ತಪಾಸಣೆಯೂ ಈ ಬಗೆಯದೇ ಆಗಬೇಕು. ಕಾಮಾಲೆ ಕಾಕ್ಲಿಯಾವನ್ನು ಬಿಟ್ಟು ನರವನ್ನು ಕೆಡಿಸಿದ್ದರೆ ಓಎಇ ‘ಪಾಸ್’ ಎನ್ನುತ್ತದೆ, ಮಗುವಿಗೆ ಮಾತು ಮಾತ್ರ ತಿಳಿಯುವುದಿಲ್ಲ. ಭಾರತದ ಸನ್ನಿವೇಶಕ್ಕೆಂದೇ ಕಡಿಮೆ ಖರ್ಚಿನಲ್ಲಿ ನವಜಾತ ಶಿಶುಗಳ ಮಿದುಳಿನ ಪ್ರತಿಕ್ರಿಯೆ ಅಳೆಯುವ ‘ಸೋಹಂ’ ಎಂಬ ಯಂತ್ರವೊಂದು 2017ರಲ್ಲಿ ಬಿಡುಗಡೆಯಾಯಿತು, ಅದನ್ನು ರೂಪಿಸಿದ ಕಂಪನಿ ಬೆಂಗಳೂರಿನದು.

ತಜ್ಞರ ಲೆಕ್ಕ ಸರಳ. ಒಂದು ತಿಂಗಳೊಳಗೆ ತಪಾಸಣೆ, ಮೂರು ತಿಂಗಳೊಳಗೆ ಖಚಿತ ನಿರ್ಣಯ, ಆರು ತಿಂಗಳೊಳಗೆ ಚಿಕಿತ್ಸೆ ಮತ್ತು ತರಬೇತಿಯ ಆರಂಭ. ಇದರ ಹಿಂದೆ ಗಟ್ಟಿ ಆಧಾರವಿದೆ. ಅಮೆರಿಕದ ಕೊಲರಾಡೊದಲ್ಲಿ ಕ್ರಿಸ್ಟೀನ್ ಯೋಶಿನಾಗಾ-ಇಟಾನೊ 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆರು ತಿಂಗಳೊಳಗೆ ಗುರುತಿಸಿದ ಮಕ್ಕಳ ಭಾಷೆ ತಡವಾಗಿ ಗುರುತಿಸಿದವರಿಗಿಂತ ಸ್ಪಷ್ಟವಾಗಿ ಮುಂದಿತ್ತು. ಕಿವುಡು ಎಷ್ಟು ತೀವ್ರ ಎಂಬುದಕ್ಕಿಂತ ಎಷ್ಟು ಬೇಗ ಗೊತ್ತಾಯಿತು ಎಂಬುದೇ ಹೆಚ್ಚು ತೂಕದ್ದಾಗಿತ್ತು. ಸದ್ದೇ ತಲುಪದ ಮಿದುಳಿನ ಶ್ರವಣಭಾಗ ಸುಮ್ಮನೆ ಖಾಲಿ ಬಿದ್ದಿರುವುದಿಲ್ಲ, ನೋಟ, ಸ್ಪರ್ಶದ ಕೆಲಸಗಳು ಅಲ್ಲಿಗೆ ಬಂದು ಕೂರುತ್ತವೆ. ಕೊಲರಾಡೊ ವಿಶ್ವವಿದ್ಯಾಲಯದ ಅನು ಶರ್ಮಾ ಅವರ ಅಧ್ಯಯನಗಳ ಪ್ರಕಾರ, ಮೂರೂವರೆ ವರ್ಷದೊಳಗೆ ಕಾಕ್ಲಿಯರ್ ಇಂಪ್ಲಾಂಟ್ (ಆಪರೇಷನ್ ಮಾಡಿ ಒಳಕಿವಿಗೆ ಜೋಡಿಸುವ ಸಾಧನ) ಪಡೆದ ಮಕ್ಕಳ ಮಿದುಳು ಸದ್ದಿಗೆ ಸಹಜವಾಗಿ ಸ್ಪಂದಿಸತೊಡಗುತ್ತದೆ, ಏಳು ವರ್ಷ ದಾಟಿದ ಮೇಲೆ ಅದು ಬಹಳ ಕಷ್ಟ.

ಪ್ರತಿ 1000 ಶಿಶುಗಳಲ್ಲಿ ಒಂದರಿಂದ ಮೂರು ಶಿಶುಗಳು ಕಾಯಂ ಶ್ರವಣದೋಷದೊಂದಿಗೆ ಹುಟ್ಟುತ್ತವೆ ಎಂಬುದು ಜಗತ್ತಿನಾದ್ಯಂತ ಸಾಮಾನ್ಯವಾಗಿ ಒಪ್ಪಿರುವ ಅಂದಾಜು. ಮಕ್ಕಳ ಶ್ರವಣದೋಷದಲ್ಲಿ ನೂರಕ್ಕೆ ಸುಮಾರು 60 ಭಾಗ ತಡೆಯಬಹುದಾದ ಕಾರಣಗಳಿಂದ ಬರುತ್ತದೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಬಸಿರಿಗೆ ತಗಲುವ ರುಬೆಲ್ಲಾ, ಅವಧಿಗೆ ಮುನ್ನ ಹೆರಿಗೆ, ಹುಟ್ಟುವಾಗ ಉಸಿರುಗಟ್ಟುವುದು, ಮಿದುಳು ಪೊರೆಯ ಉರಿಯೂತ, ಜೀವ ಉಳಿಸಲು ಕೊಡಲೇಬೇಕಾಗುವ ಜೆಂಟಾಮೈಸಿನ್, ಅಮಿಕಾಸಿನ್‌ನಂಥ ಔಷಧಗಳು. ರುಬೆಲ್ಲಾ ವಿರುದ್ಧದ ಎಂಆರ್ ಲಸಿಕೆಯ ದೊಡ್ಡ ಅಭಿಯಾನ 2017ರ ಫೆಬ್ರುವರಿಯಲ್ಲಿ ಮೊದಲು ಶುರುವಾದ ಕೆಲವೇ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಆಗ ಹಬ್ಬಿದ ಗಾಳಿಸುದ್ದಿಗೆ ಹೆದರಿ ಮಕ್ಕಳಿಗೆ ಲಸಿಕೆ ಬೇಡವೆಂದವರು ಇದ್ದರು. ನಾಳೆ ತಾಯಿಯಾಗುವ ಹುಡುಗಿಯ ಕೂಸಿನ ಕಿವಿಯನ್ನು ಕಾಯುವುದು ಆ ಲಸಿಕೆ.

ವಂಶದಿಂದ ಬರುವ ಕಿವುಡಿನ ವಿಷಯವನ್ನು ನಾವು ಮನೆಯಲ್ಲಿ ಬಾಯಿಬಿಟ್ಟು ಮಾತಾಡುವುದಿಲ್ಲ. ಕರ್ನಾಟಕದ ಸುಮಾರು ಕಾಲು ಭಾಗ ಮದುವೆಗಳು ಸೋದರಮಾವ, ಅತ್ತೆಯ ಮಗ, ಮಾವನ ಮಗಳು ಹೀಗೆ ರಕ್ತಸಂಬಂಧದಲ್ಲೇ ಆಗುತ್ತವೆ. ಕೇಳುವ ತಂದೆತಾಯಿಯಲ್ಲಿ ಅಡಗಿರುವ ಒಂದೇ ದೋಷದ ಎರಡು ಪ್ರತಿಗಳು ಮಗುವಿನಲ್ಲಿ ಕೂಡುವ ಸಂಭವ ಇಂಥ ಮದುವೆಗಳಲ್ಲಿ ಹೆಚ್ಚು. ಇದರಲ್ಲಿ ಯಾರ ತಪ್ಪೂ ಇಲ್ಲ. ಎಷ್ಟೋ ಮನೆಗಳಲ್ಲಿ ಮಾತ್ರ ಸೊಸೆಯೊಬ್ಬಳೇ ಅದನ್ನು ಹೊರುತ್ತಾಳೆ. ಎರಡೂ ಕಡೆಯಿಂದ ಬರಬೇಕಾದ ದೋಷಕ್ಕೆ ಒಬ್ಬಳನ್ನು ದೂರುವುದು ಅನ್ಯಾಯ, ವಿಜ್ಞಾನದ ಪ್ರಕಾರವೂ ಸುಳ್ಳು.

ಗೊತ್ತಾದ ಮೇಲೆ ಏನು? ಒಂದೆರಡು ತಿಂಗಳ ಕೂಸಿಗೂ ಕಿವಿಯ ಮಿಷನ್ ಹಾಕಬಹುದು. ಕಿವಿ ಬೆಳೆದಂತೆ ಅಚ್ಚು ಬದಲಿಸುತ್ತಿರಬೇಕು, ಕೂಸು ಕಿತ್ತು ಬಾಯಿಗಿಟ್ಟುಕೊಳ್ಳದಂತೆ ನೋಡಬೇಕು, ‘ಜನ ಏನಂದಾರು’ ಎಂದು ಟೋಪಿಯಡಿ ಮುಚ್ಚಬಾರದು. ಮಿಷನ್ನಿನಿಂದ ಸಾಕಷ್ಟು ಉಪಯೋಗವಾಗದ ಮಕ್ಕಳಿಗೆ ಇಂಪ್ಲಾಂಟ್. ಕೇಂದ್ರದ ಎಡಿಐಪಿ ಯೋಜನೆಯಲ್ಲಿ ಬಡ ಕುಟುಂಬದ ಚಿಕ್ಕಮಕ್ಕಳಿಗೆ ಇದಕ್ಕೆ ನೆರವಿದೆ. ಆಪರೇಷನ್ ಆದ ಮಗುವಿನ ಫೋಟೊ ಪತ್ರಿಕೆಯಲ್ಲಿ ಬರುತ್ತದೆ. ಆಮೇಲಿನ ಎರಡು–ಮೂರು ವರ್ಷದ ಥೆರಪಿ, ಇಂಪ್ಲಾಂಟನ್ನು ಮಗುವಿಗೆ ಹೊಂದಿಸುವ ಮ್ಯಾಪಿಂಗಿಗೆ ಅಲೆದಾಟ, ಕೆಟ್ಟ ವೈರು, ಬ್ಯಾಟರಿಯ ಖರ್ಚು ಯಾವ ಪತ್ರಿಕೆಗೂ ಬರುವುದಿಲ್ಲ. ಇಂಪ್ಲಾಂಟ್ ಸದ್ದನ್ನು ಮಾತ್ರ ಕೊಡುತ್ತದೆ, ಆ ಸದ್ದು ಮಾತಾಗುವುದು ಮನೆಯಲ್ಲಿ. ಥೆರಪಿಗೆ ದಾರಿಯಿಲ್ಲದ ಊರಿನ ಮಗುವಿಗೆ ಆಪರೇಷನ್ ಮಾಡಿ ಕೈತೊಳೆದುಕೊಳ್ಳುವುದು ಅರ್ಧ ಕೆಲಸ ಎಂಬುದು ನನ್ನ ಖಚಿತ ಅಭಿಪ್ರಾಯ.

ಈ ಮಾತಿನಲ್ಲಿ ಮೈಸೂರಿನ ಹೆಸರು ಬಾರದಿರಲು ಸಾಧ್ಯವಿಲ್ಲ. ಅರವತ್ತರ ದಶಕದಿಂದ ಮಾನಸಗಂಗೋತ್ರಿಯಲ್ಲಿ ಕೆಲಸ ಮಾಡುತ್ತಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ದೇಶಕ್ಕೇ ಶ್ರವಣತಜ್ಞರನ್ನು ತಯಾರು ಮಾಡಿಕೊಟ್ಟಿದೆ. ಅಲ್ಲಿನ ಶಿಶುಶಾಲೆಯಲ್ಲಿ ಮಕ್ಕಳ ಜೊತೆ ತಾಯಂದಿರೂ ಕಲಿಯುತ್ತಾರೆ. ಅದೇ ಊರಿನಲ್ಲಿ ಶ್ರವಣದೋಷವಿರುವ ಮಕ್ಕಳ ಪೋಷಕರು ಕಟ್ಟಿದ ಶಾಲೆಯೂ ಇದೆ. ದೂರದ ಊರುಗಳಿಂದ ತಾಯಂದಿರು ಮನೆಮಠ ಬಿಟ್ಟು ಬಂದು, ಮಗುವಿನ ಪಕ್ಕದಲ್ಲಿ ಕೂತು, ಮಾತು ಕಲಿಸುವುದನ್ನು ತಾವೇ ಕಲಿಯುತ್ತಾರೆ. ಹೆಚ್ಚು ಓದದ ಹೆಂಗಸರು ತಮ್ಮ ಮಗುವಿನ ಮೊದಲ ಮೇಷ್ಟರಾಗುವ ಈ ಕ್ರಮದ ಮುಂದೆ ನನಗೆ ತಲೆಬಾಗುವ ಹಾಗಾಗುತ್ತದೆ. ಆದರೆ ಬೀದರಿನ, ರಾಯಚೂರಿನ ತಾಯಿ ಇದಕ್ಕಾಗಿ ಮೈಸೂರಿಗೇ ಬರಬೇಕಾದ ಪರಿಸ್ಥಿತಿ ಇರಬಾರದು.

ಯಾವ ಭಾಷೆಯಲ್ಲಿ ಕಲಿಸುವುದು? ‘ಮುಂದೆ ಶಾಲೆಗೆ ಬೇಕಾಗುತ್ತದೆ, ಇಂಗ್ಲಿಷಿನಲ್ಲೇ ಮಾತಾಡಿ’ ಎಂಬ ಸಲಹೆ ಪಟ್ಟಣಗಳಲ್ಲಿ ಧಾರಾಳವಾಗಿ ಸಿಗುತ್ತದೆ. ತಾಯಿ ಯಾವ ಮಾತಿನಲ್ಲಿ ಗದರಬಲ್ಲಳೋ, ಮುದ್ದಿಸಬಲ್ಲಳೋ ಆ ಮಾತೇ ಮಗುವಿಗೆ ಬೇಕು. ಅದು ಕನ್ನಡವಿರಲಿ, ತುಳುವಿರಲಿ, ಉರ್ದುವಿರಲಿ. ಎರಡು ಭಾಷೆ ಕೇಳಿ ಬೆಳೆದರೆ ಮಾತು ತಡವಾಗುತ್ತದೆ ಎಂಬುದಕ್ಕೆ ಆಧಾರವಿಲ್ಲ. ಕೈಸನ್ನೆಯ ಭಾಷೆಯೂ ಭಾಷೆಯೇ. ಲಾರಾ ಆ್ಯನ್ ಪೆಟಿಟೊ ಮತ್ತು ಪೌಲಾ ಮ್ಯಾರೆಂಟೆಟ್ 1991ರಲ್ಲಿ ತೋರಿಸಿದರು: ಸನ್ನೆಭಾಷೆ ಆಡುವ ಮನೆಯ ಕಿವುಡು ಕೂಸುಗಳು ‘ಬಬಬ’ ಎನ್ನುವ ವಯಸ್ಸಿನಲ್ಲಿ ಬೆರಳುಗಳಿಂದ ತೊದಲುತ್ತವೆ. ಸನ್ನೆ ಕಲಿಸಿದರೆ ಬಾಯಿಮಾತು ಬರುವುದೇ ಇಲ್ಲ ಎಂದು ಹೆದರಿಸಿ ಎಷ್ಟೋ ಮಕ್ಕಳನ್ನು ಎರಡೂ ಇಲ್ಲದಂತೆ ಮಾಡಿದ್ದೇವೆ. ಮಗುವಿಗೆ ಮೊದಲ ವರ್ಷಗಳಲ್ಲಿ ಯಾವುದಾದರೂ ಒಂದು ಭಾಷೆ ತುಂಬಾ ಸಿಗಬೇಕು. ಭಾಷೆಯೇ ಇಲ್ಲದೆ ಬೆಳೆಯುವುದು ಕಿವುಡಿಗಿಂತ ದೊಡ್ಡ ನಷ್ಟ.

ಕರ್ನಾಟಕದಲ್ಲಿ ಇಂದು 100ಕ್ಕೆ 97 ಹೆರಿಗೆಗಳು ಆಸ್ಪತ್ರೆಯಲ್ಲೇ ಆಗುತ್ತವೆ. ಅಂದರೆ ಹೆಚ್ಚುಕಡಿಮೆ ಪ್ರತಿ ಕೂಸೂ ಹುಟ್ಟಿದ ಮೊದಲ ದಿನಗಳನ್ನು ಪರೀಕ್ಷೆ ಮಾಡಬಹುದಾದ ಜಾಗದಲ್ಲೇ ಕಳೆಯುತ್ತದೆ. ಶಿಶುಗಳ ಶ್ರವಣದೋಷವನ್ನೂ ಸೇರಿಸಿಕೊಂಡ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಿಂದ ಇದೆ, ಕಿವುಡು ತಡೆಯುವ ರಾಷ್ಟ್ರೀಯ ಕಾರ್ಯಕ್ರಮ ಅದಕ್ಕಿಂತಲೂ ಹಳೆಯದು. ಕೇರಳ ಸರ್ಕಾರಿ ಹೆರಿಗೆ ಆಸ್ಪತ್ರೆಗಳಲ್ಲಿ ‘ಕಾತೋರಂ’ ಹೆಸರಿನಲ್ಲಿ ನವಜಾತರ ಕಿವಿ ತಪಾಸಣೆ ನಡೆಸುತ್ತಿದೆ. ನಮ್ಮ ಪ್ರತಿ ತಾಲ್ಲೂಕು ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲೂ ಒಂದು ಯಂತ್ರ, ಅದನ್ನು ಬಳಸಬಲ್ಲ ಒಬ್ಬರು ಇರಲೇಬೇಕು. ಇದನ್ನು ಶಾಸಕರ ಬಳಿ ಕೇಳಿ, ರಸ್ತೆ, ನೀರು ಕೇಳುವಷ್ಟೇ ಹಕ್ಕಿನಿಂದ ಕೇಳಿ.

ಅಲ್ಲಿಯವರೆಗೆ ಮನೆಯವರ ಕೈಯಲ್ಲಿರುವ ಕೆಲಸ ಇಷ್ಟು. ಕಿವಿಗೆ ಎಣ್ಣೆ ಬಿಡಬೇಡಿ. ಕಿವಿ ಚುಚ್ಚಿಸಲು ದಿನ ನೋಡುವಾಗ ಕಿವಿ ಪರೀಕ್ಷೆಯ ದಿನವನ್ನೂ ಗೊತ್ತು ಮಾಡಿ. ಹುಟ್ಟಿದಾಗ ‘ಪಾಸ್’ ಆದ ಮಗುವಿಗೂ ಮುಂದೆ ದೋಷ ಬರಬಹುದು, ಮಾತಿನ ಬಗ್ಗೆ ಅನುಮಾನ ಬಂದರೆ ಮತ್ತೆ ತೋರಿಸಿ. ಹೆರಿಗೆ ಆಸ್ಪತ್ರೆಯಿಂದ ಡಿಸ್ಚಾರ್ಜ್ ಆಗುವ ಮುನ್ನ ‘ಮಗುವಿನ ಕಿವಿ ಪರೀಕ್ಷೆ ಆಯಿತೇ?’ ಎಂದು ನರ್ಸಮ್ಮನನ್ನು ಕೇಳಿ. ಆಗಿದ್ದರೆ ಎರಡೂ ಕಿವಿಯ ಫಲಿತಾಂಶವನ್ನು ತಾಯಿ ಕಾರ್ಡಿನಲ್ಲಿ ಬರೆಸಿಕೊಳ್ಳಿ. ಆಗಿಲ್ಲದಿದ್ದರೆ ಎಲ್ಲಿ ಮಾಡಿಸಬೇಕೆಂದು ಅಲ್ಲೇ ಕೇಳಿ ತಿಳಿದು, ಒಂದು ತಿಂಗಳು ತುಂಬುವುದರೊಳಗೆ ಮಾಡಿಸಿ.